ಉತ್ತೇಜಕ ದ್ರವ್ಯಗಳ ಭೇದವಿಚಾರ

ಸುರೆ, ಅಫೀಮು, ಭಂಗಿ, ಕೊಕೇನ್ ಇವೆಲ್ಲವನ್ನೂ ‘ಮಾದಕದ್ರವ್ಯ’ವೆಂಬ ಒಂದೇ ಶಬ್ದದಿಂದ ವ್ಯವಹರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಈ ರೂಢಿಯು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ವಿಚಾರಿಸುವೆವು.

ಶಾರ್ಙ್ಗಧರಸಂಹಿತೆಯು ಬುದ್ಧಿಯನ್ನು ಲೋಪಗೊಳಿಸುವುದೂ ತಮೋಗುಣಪ್ರಧಾನವೂ ಆದ ದ್ರವ್ಯವನ್ನು ‘ಮದಕಾರಿ’ಯೆಂದು ಕರೆದು, ಮದ್ಯವನ್ನು ಅದಕ್ಕೆ ಉದಾಹರಣೆಯಾಗಿ ಕೊಟ್ಟಿದೆ. ಕೊಕೇನ್, ಆಂಫೆಟಮೀನ್ ಮೊದಲಾದುವುಗಳಿಗೆ ಈ ಲಕ್ಷಣವು ಹೊಂದುವುದಿಲ್ಲ. ಇವುಗಳನ್ನು ಸೇವಿಸಿದವನಿಗೆ ಮೊದಲು ಜಾಡ್ಯವು ತೊಲಗಿ, ನಿದ್ರೆಯೂ ಹಸಿವೂ ದೂರವಾಗಿ, ತಾನು ಸರ್ವಸಮರ್ಥನೆಂಬ ಭಾವವುಂಟಾಗುವುದು. ಇದು ತಮಸ್ಸಿನ ಕಾರ್ಯವಲ್ಲ, ರಜಸ್ಸಿನದು. ಆದುದರಿಂದ ಇವನ್ನು ‘ಉತ್ತೇಜಕ’ಗಳೆಂದು ಪ್ರತ್ಯೇಕವಾಗಿ ಹೆಸರಿಸುವುದೇ ಸಾಧುವು.

ಇದು ಬರಿಯ ಶಬ್ದಚರ್ಚೆಯೆಂದು ಯಾರೂ ಉಪೇಕ್ಷಿಸಲಾಗದು. ಮಿತಿಮೀರಿದ ಅಫೀಮಿನಿಂದ ಕಣ್ಣಿನ ಪಾಪೆಯು ಕಿರಿದಾಗಿ ಉಸಿರು ಕುಗ್ಗುವುದು. ಉತ್ತೇಜಕದಿಂದ ಪಾಪೆಯು ಹಿಗ್ಗಿ, ನಾಡಿಯು ವೇಗಗೊಂಡು, ಮೈ ಕಾದು, ಹೃದಯಕ್ಕೂ ಮೆದುಳಿನ ರಕ್ತನಾಳಗಳಿಗೂ ಆಘಾತವುಂಟಾಗಬಹುದು. ಅಫೀಮಿನ ವರ್ಗಕ್ಕೆ ಪ್ರತ್ಯೌಷಧವಾದ ನಲಾಕ್ಸೋನ್ ಉತ್ತೇಜಕಗಳಿಗೆ ಪ್ರತ್ಯೌಷಧವಾಗದು. 1985ರ ಭಾರತೀಯ ಅಧಿನಿಯಮವು ಕೊಕೇನನ್ನು ಅಫೀಮಿನೊಡನೆ ಒಂದು ವರ್ಗದಲ್ಲಿಯೂ, ಆಂಫೆಟಮೀನನ್ನು ಮತ್ತೊಂದರಲ್ಲಿಯೂ ಇರಿಸಿದೆಯಾದರೂ ಅದು ನಿಯಂತ್ರಣಾರ್ಥವಾದ ವಿಭಾಗವೇ ಹೊರತು ಗುಣವಿಭಾಗವಲ್ಲ.

ಇನ್ನು ಇವುಗಳ ಪರಸ್ಪರ ಭೇದ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದ ಕೋಕಾ ಎಲೆಯಿಂದ ಜರ್ಮನಿಯ ಆಲ್ಬರ್ಟ್ ನೀಮನ್ ಎಂಬಾತನು 1860ರ ಸುಮಾರಿಗೆ ಕೊಕೇನನ್ನು ಬೇರ್ಪಡಿಸಿದನು. ಆಂಫೆಟಮೀನ್ 1887ರಲ್ಲಿ ರಸಾಯನಶಾಲೆಯಲ್ಲಿ ಜನಿಸಿತು. 1893ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿಯು ಎಫೆಡ್ರೀನಿನಿಂದ ಮೆಥಾಂಫೆಟಮೀನನ್ನು ನಿರ್ಮಿಸಿದನು. ಮೆದುಳಿನಲ್ಲಿ ಡೋಪಮೀನ್ ಎಂಬ ರಸವು ತನ್ನ ಕಾರ್ಯವನ್ನು ಮುಗಿಸಿ ಸ್ವಸ್ಥಾನಕ್ಕೆ ಹಿಂದಿರುಗುವುದನ್ನು ಕೊಕೇನ್ ತಡೆಯುವುದು; ಆಂಫೆಟಮೀನ್ ವರ್ಗವು ಅಷ್ಟಕ್ಕೇ ನಿಲ್ಲದೆ, ಸಂಗ್ರಹದಲ್ಲಿದ್ದ ರಸವನ್ನೂ ಹೊರಚೆಲ್ಲಿಸುವುದು. ಕೊಕೇನಿನ ಉನ್ಮೇಷವು ಒಂದು ಗಳಿಗೆಯೊಳಗೆ ಇಳಿಯಬಹುದು. ಮೆಥಾಂಫೆಟಮೀನಿನದು ಅನೇಕ ಗಂಟೆಗಳ ಕಾಲ ನಿಲ್ಲುವುದು. ಪುಡಿಯ ಬಣ್ಣವನ್ನೋ ಬೀದಿಯ ಹೆಸರನ್ನೋ ನೋಡಿ ಇಂತಹುದೇ ಎಂದು ನಿರ್ಣಯಿಸಲು ಸಾಧ್ಯವಿಲ್ಲ. ರಾಸಾಯನಿಕ ಪರೀಕ್ಷೆಯೇ ಪ್ರಮಾಣ.

ವ್ಯಸನದ ಪ್ರಾಬಲ್ಯವು ದ್ರವ್ಯದ ಗುಣವನ್ನಲ್ಲದೆ ಅದು ಮೆದುಳನ್ನು ಸೇರುವ ವೇಗವನ್ನೂ ಅವಲಂಬಿಸಿದೆ. ನಾವು ವೀಳ್ಯದೆಲೆಗೆ ಸುಣ್ಣವನ್ನು ಹಚ್ಚುವಂತೆಯೇ ಆಂಡೀಸಿನ ಜನರು ಕೋಕಾ ಎಲೆಯನ್ನು ಸುಣ್ಣದೊಡನೆಯೋ ಬೂದಿಯೊಡನೆಯೋ ಅಗಿಯುವರು. ಆಗ ಸತ್ತ್ವವು ಮೆಲ್ಲಮೆಲ್ಲನೆ ರಕ್ತವನ್ನು ಸೇರುವುದು. ಅದೇ ಸತ್ತ್ವವನ್ನು ಶೋಧಿಸಿ ಹೊಗೆಯಾಗಿ ಎಳೆದರೆ ಕ್ಷಣಮಾತ್ರದಲ್ಲಿ ಏರಿ, ಕೆಲವೇ ನಿಮಿಷಗಳಲ್ಲಿ ಇಳಿಯುವುದು. ಇಳಿದೊಡನೆ ಖಿನ್ನತೆ, ಖಿನ್ನತೆಯನ್ನು ಕಳೆಯಲು ಮತ್ತೆ ಸೇವನೆ: ಹೀಗೆ ಚಕ್ರವು ತಿರುಗುವುದು. ಸೌಮ್ಯವೆಂದು ತೋರುವುದೆಲ್ಲವೂ ನಿರಪಾಯವೆಂದೂ ಭ್ರಮಿಸಬಾರದು. ಕಾಫಿಯ ಕೆಫೀನ್ ಅಲ್ಪಬಂಧಕ. ಆದರೆ ಅಂಗಡಿಯಲ್ಲಿ ಬಹಿರಂಗವಾಗಿ ದೊರೆಯುವ ಹೊಗೆಸೊಪ್ಪಿನ ನಿಕೋಟೀನ್ ಅತ್ಯಂತ ಬಂಧಕ. ನಮ್ಮ ಮಲೆನಾಡಿನ ಅಡಕೆಯಲ್ಲಿಯೂ ಅರೆಕೋಲೀನ್ ಎಂಬ ಉತ್ತೇಜಕವುಂಟು. ಅಡಕೆಯು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಪ್ರಕಟಪಡಿಸಿತು.

ಉತ್ತೇಜಕವನ್ನು ತ್ಯಜಿಸಿದವನಿಗೆ ಅಫೀಮನ್ನು ಬಿಟ್ಟವನಂತೆ ವಾಂತಿ, ಅತಿಸಾರ, ಮೈನೋವುಗಳು ಪ್ರಧಾನವಾಗಿ ಕಾಣುವುದಿಲ್ಲ. ಅತಿನಿದ್ರೆ, ಅತಿಕ್ಷುಧೆ, ವಿಷಾದ, ತೀವ್ರವಾದ ಬಯಕೆ ಇವು ಕಾಣುವುವು. ಇದನ್ನು ಸೋಮಾರಿತನವೆಂದು ಮನೆಯವರು ಗದರಿಸುವುದು ಅಪಾಯಕರ. ಈ ವಿಷಾದದಲ್ಲಿ ಆತ್ಮಹತ್ಯೆಯ ಶಂಕೆಯುಂಟು. ಕೊಕೇನ್, ಮೆಥಾಂಫೆಟಮೀನ್‌ಗಳ ವ್ಯಸನವನ್ನು ನಿವಾರಿಸುವ ಸಿದ್ಧೌಷಧವು ಇನ್ನೂ ದೊರೆತಿಲ್ಲವಾದರೂ, ಸಂಯಮದ ಪ್ರತಿಯೊಂದು ಹೆಜ್ಜೆಗೂ ಪುರಸ್ಕಾರವನ್ನು ಕೊಡುವ ಚಿಕಿತ್ಸಾಕ್ರಮವು ಫಲಕಾರಿಯೆಂದು ತಿಳಿದುಬಂದಿದೆ.

‘ವ್ಯಸನ’ವೆಂಬ ಶಬ್ದವು ಎಸೆಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು, ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದೇ ವ್ಯಸನವು. ಎಸೆಯಲ್ಪಟ್ಟವನನ್ನು ಎತ್ತಬೇಕಾದರೆ ಆತನನ್ನು ಎಸೆದುದು ಯಾವುದೆಂದು ಮೊದಲು ಅರಿಯಬೇಕು. ಆ ಅರಿವಿಗೆ ಹೆಸರಿನ ಶುದ್ಧಿಯೇ ಪ್ರಥಮಸೋಪಾನ.