ಆಲಿಸುವ ನಟ: ಬ್ರೂನೊ ಕ್ರೆಮೇರ್

ನಟನಾದವನಿಗೆ ಮಾತನಾಡುವುದೇ ಕಷ್ಟವೆಂದು ನಾವು ಸಾಮಾನ್ಯವಾಗಿ ಭಾವಿಸುವೆವು. ಆದರೆ ಅದಕ್ಕಿಂತಲೂ ಕಷ್ಟವಾದ ಕೆಲಸವೊಂದುಂಟು. ಅದು ಎದುರಿನವನು ಮಾತನಾಡುತ್ತಿರುವಾಗ ಸುಮ್ಮನೆ ಕುಳಿತು ಕೇಳುವುದು. ಮಾತಿದ್ದಾಗ ನಟನಿಗೆ ಅದೇ ಆಸರೆ. ಮಾತಿಲ್ಲದಾಗ ಕೈಗಳನ್ನು ಎಲ್ಲಿರಿಸಬೇಕು, ದೃಷ್ಟಿಯನ್ನು ಎತ್ತ ತಿರುಗಿಸಬೇಕು ಎಂಬುದೇ ಅನೇಕರಿಗೆ ತೋಚದು. ಈ ವಿದ್ಯೆಯನ್ನು ಬಹುಕಾಲದ ಸಾಧನೆಯಿಂದ ಕೈವಶಮಾಡಿಕೊಂಡು, ಅರುವತ್ತು ವರ್ಷಗಳು ಕಳೆದಮೇಲೆ ಅದರ ಬಲದಿಂದಲೇ ತನ್ನ ದೇಶದ ಮನೆಮನೆಗೂ ಪರಿಚಿತನಾದ ಫ್ರೆಂಚ್ ನಟನೊಬ್ಬನ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆತನ ಹೆಸರು ಬ್ರೂನೊ ಕ್ರೆಮೇರ್.

ಕ್ರೆಮೇರನು 1929ನೆಯ ಇಸವಿ ಅಕ್ಟೋಬರ್ 6ನೆಯ ತಾರೀಖಿನಂದು, ಪ್ಯಾರಿಸ್ ನಗರಕ್ಕೆ ಹೊಂದಿಕೊಂಡಿರುವ ಸೇಂ-ಮಾಂದೆ ಎಂಬ ಊರಿನಲ್ಲಿ ಜನಿಸಿದನು. ಬಾಲ್ಯದಿಂದಲೂ ಆತನಿಗೆ ನಾಟಕದಲ್ಲಿ ಆಸಕ್ತಿಯಿದ್ದಿತು. ನಾಟ್ಯವಿದ್ಯೆಯನ್ನು ಕಲಿಸುವುದಕ್ಕಾಗಿ ಪ್ಯಾರಿಸ್ಸಿನಲ್ಲಿ ಸರ್ಕಾರದ ಆಶ್ರಯವುಳ್ಳ ಕನ್ಸರ್ವತ್ವಾರ್ ಎಂಬ ಪ್ರಸಿದ್ಧ ವಿದ್ಯಾಲಯವಿದೆ. ಕಠಿನವಾದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದವರಿಗೆ ಮಾತ್ರ ಅಲ್ಲಿ ಪ್ರವೇಶ ದೊರೆಯುವುದು. 1950ರ ಈಚಿನ ವರ್ಷಗಳಲ್ಲಿ ಕ್ರೆಮೇರನು ಅಲ್ಲಿ ವ್ಯಾಸಂಗಮಾಡುತ್ತಿದ್ದಾಗ ಆತನ ಸಹಪಾಠಿಗಳಾಗಿದ್ದವರಲ್ಲಿ ಝಾಂ-ಪೋಲ್ ಬೆಲ್ಮೊಂದೊ, ಝಾಂ ರೋಶ್‌ಫೋರ್, ಝಾಂ-ಪಿಯೇರ್ ಮರಿಯೆಲ್, ಆನಿ ಝಿರಾರ್ದೊ ಮೊದಲಾದವರಿದ್ದರು. ಫ್ರೆಂಚ್ ಚಲಚ್ಚಿತ್ರದ ಒಂದು ತಲೆಮಾರೇ ಆ ತರಗತಿಗಳಲ್ಲಿ ಕುಳಿತಿದ್ದಿತೆಂದರೆ ತಪ್ಪಾಗಲಾರದು. ಅವರಲ್ಲಿ ಬೆಲ್ಮೊಂದೊ ಎಂಬಾತನು 1960ರಲ್ಲಿ ತೆರೆಕಂಡ ಒಂದೇ ಚಿತ್ರದಿಂದ, ಇಪ್ಪತ್ತೇಳು ವರ್ಷಗಳು ತುಂಬುವ ಮೊದಲೇ, ಪ್ರಖ್ಯಾತನಾಗಿಬಿಟ್ಟನು. ಕ್ರೆಮೇರನ ಹಾದಿಯು ಹಾಗಿರಲಿಲ್ಲ.

ಆತನು ಆರಿಸಿಕೊಂಡುದು ರಂಗಭೂಮಿಯನ್ನು. ಸುಮಾರು ಹತ್ತು ವರ್ಷಗಳ ಕಾಲ ಷೇಕ್ಸ್‌ಪಿಯರ್, ಆಸ್ಕರ್ ವೈಲ್ಡ್ ಮೊದಲಾದವರ ನಾಟಕಗಳಲ್ಲಿ ಅಭಿನಯಿಸುತ್ತ ಕಳೆದನು. 1959ರಲ್ಲಿ ಝಾಂ ಅನುಯಿ ಎಂಬ ಪ್ರಸಿದ್ಧ ನಾಟಕಕಾರನು ರಚಿಸಿದ ‘ಬೆಕೆಟ್’ ನಾಟಕವು ಪ್ಯಾರಿಸ್ಸಿನಲ್ಲಿ ಮೊಟ್ಟಮೊದಲು ಪ್ರಯೋಗವಾದಾಗ ನಾಯಕನಾದ ತಾಮಸ್ ಬೆಕೆಟನ ಪಾತ್ರವು ಕ್ರೆಮೇರನಿಗೆ ಬಂದಿತು. ಇಂಗ್ಲೆಂಡಿನ ಅರಸನಿಗೆ ಆಪ್ತಮಿತ್ರನಾಗಿದ್ದ ಬೆಕೆಟನು ಆ ಅರಸನಿಂದಲೇ ಧರ್ಮಪೀಠವನ್ನೇರಿ, ಬಳಿಕ ಧರ್ಮದ ಪಕ್ಷವನ್ನು ಹಿಡಿದು ಅರಸನನ್ನು ಎದುರಿಸಿ ಪ್ರಾಣವನ್ನು ತೆತ್ತ ಕಥೆಯಿದು. ಇದರಲ್ಲಿ ಅರಸನಾದವನು ನಗುವನು, ಕೂಗಾಡುವನು, ಅಳುವನು. ಬೆಕೆಟನಾದರೋ ಅಂತರಂಗದ ಬೇಗುದಿಯನ್ನು ಹೊರಗೆ ತೋರಗೊಡದೆ ನಿಲ್ಲಬೇಕು. ಸಂಯಮವನ್ನೇ ಅಭಿನಯವನ್ನಾಗಿ ಮಾಡುವ ಈ ಪಾಠವು ಕ್ರೆಮೇರನಿಗೆ ಕೊನೆಯವರೆಗೂ ಒದಗಿಬಂದಿತು.

ಚಲಚ್ಚಿತ್ರದಲ್ಲಿ ಆತನಿಗೆ ಯೋಗ್ಯವಾದ ಸ್ಥಾನವನ್ನು ದೊರಕಿಸಿದುದು 1965ರ ‘317ನೆಯ ತುಕಡಿ’ ಎಂಬ ಚಿತ್ರ. ಇದನ್ನು ನಿರ್ದೇಶಿಸಿದ ಪಿಯೇರ್ ಷಂಡೋರ್ಫರ್ ಎಂಬಾತನು ಇಂಡೋಚೀನಾ ಯುದ್ಧದಲ್ಲಿ ಸೈನ್ಯದ ಛಾಯಾಗ್ರಾಹಕನಾಗಿದ್ದು, 1954ರಲ್ಲಿ ದಿಯೆನ್ ಬಿಯೆನ್ ಫೂ ಕೋಟೆಯು ಬಿದ್ದಾಗ ಸೆರೆಯಾದವನು. ಅದೇ ವರ್ಷದಲ್ಲಿ ಕಾಡಿನೊಳಗಿನ ಠಾಣೆಯೊಂದನ್ನು ತೊರೆದು ಹಿಂದೆಗೆಯಬೇಕಾದ ಚಿಕ್ಕ ತುಕಡಿಯೊಂದರ ಕಥೆಯನ್ನು ಆತನು ಕಂಬೋಡಿಯದ ಅರಣ್ಯಗಳಲ್ಲಿ ಚಿತ್ರಿಸಿದನು. ಹೊಸದಾಗಿ ಬಂದ ತರುಣ ಅಧಿಕಾರಿಯ ಪಾತ್ರವನ್ನು ಝಾಕ್ ಪೆರಾಂ ಎಂಬಾತನು ವಹಿಸಿದನು. ಯುದ್ಧಗಳಲ್ಲಿಯೇ ಬಾಳನ್ನು ಸವೆಸಿದ ವಿಲ್ಸ್‌ಡೋರ್ಫ್ ಎಂಬ ಹಳೆಯ ಸೈನಿಕನ ಪಾತ್ರವನ್ನು ಕ್ರೆಮೇರನು ವಹಿಸಿದನು. ಈ ಸೈನಿಕನು ವೀರಾವೇಶದ ಭಾಷಣಗಳನ್ನು ಮಾಡುವವನಲ್ಲ. ಗಾಯಗೊಂಡವರನ್ನು ಹೊತ್ತುಕೊಂಡು ಹೋಗಬೇಕೆ, ಬಿಟ್ಟುಹೋಗಬೇಕೆ ಎಂಬ ಪ್ರಶ್ನೆಯು ಬಂದಾಗಲೂ ಆತನ ಧ್ವನಿಯು ಏರುವುದಿಲ್ಲ. ಸಾವನ್ನು ಬಹಳ ಸಲ ಕಂಡವನ ದಣಿವು ಆ ಮುಖದಲ್ಲಿ ತಾನಾಗಿಯೇ ಕಾಣುವುದು. ಆ ವರ್ಷದ ಕಾನ್ ಚಿತ್ರೋತ್ಸವದಲ್ಲಿ ಈ ಕೃತಿಗೆ ಚಿತ್ರಕಥೆಯ ಬಹುಮಾನವು ಲಭಿಸಿತು.

ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷಗಳ ಕಾಲ ಕ್ರೆಮೇರನಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. 1966ರಲ್ಲಿ ಪ್ಯಾರಿಸ್ ನಗರದ ವಿಮೋಚನೆಯ ಕಥೆಯುಳ್ಳ ಚಿತ್ರದಲ್ಲಿ ಪ್ರತಿರೋಧ ಚಳವಳಿಯ ನಾಯಕನಾದ ರೋಲ್-ತಾಂಗಿಯಾದನು. 1967ರಲ್ಲಿ ಇಟಲಿಯ ವಿಸ್ಕಾಂತಿಯು ಆಲ್ಬೇರ್ ಕಮೂವಿನ ಕಾದಂಬರಿಯನ್ನು ತೆರೆಗೆ ತಂದಾಗ ಪಾದ್ರಿಯಾದನು. 1978ರಲ್ಲಿ ಕ್ಲೋದ್ ಸೋತೆಯ ಚಿತ್ರದಲ್ಲಿ ರೋಮಿ ಷ್ನೈಡರಳ ಜೊತೆಗೆ ನಟಿಸಿದನು. ಅಮೆರಿಕದ ವಿಲಿಯಂ ಫ್ರೀಡ್‌ಕಿನ್ ನಿರ್ದೇಶಿಸಿ 1977ರಲ್ಲಿ ಬಿಡುಗಡೆಯಾದ ‘ಸಾರ್ಸರರ್’ ಚಿತ್ರದಲ್ಲಿ, ವಂಚನೆಯ ಆರೋಪಕ್ಕೆ ಸಿಲುಕಿ ದೂರದೇಶಕ್ಕೆ ಓಡಿಹೋದ ಪ್ಯಾರಿಸ್ಸಿನ ಬ್ಯಾಂಕುದಾರನ ಪಾತ್ರ ಆತನದು. ಸಿಡಿಮದ್ದು ತುಂಬಿದ ಲಾರಿಯನ್ನು ಕಾಡುದಾರಿಯಲ್ಲಿ ನಡೆಸುತ್ತ, ಹೆಂಡತಿಯು ಕೊಟ್ಟ ಕೈಗಡಿಯಾರದ ವಿಷಯವನ್ನು ಜೊತೆಗಾರನಿಗೆ ಸಹಜವಾಗಿ ಹೇಳುತ್ತಿರುವಷ್ಟರಲ್ಲಿ ಚಕ್ರವು ಒಡೆದು ಎಲ್ಲವೂ ಮುಗಿದುಹೋಗುವುದು. ಕಣ್ಣೀರಿಲ್ಲ, ಉದ್ಗಾರವಿಲ್ಲ, ಆದರೂ ನೋಡಿದವರಿಗೆ ಆ ದೃಶ್ಯವು ಮರೆಯದು. ಚಿತ್ರವು ಬಂದಾಗ ಹಣವನ್ನು ಗಳಿಸದೆ ಸೋತಿತು. ಅದಕ್ಕೆ ಸಲ್ಲಬೇಕಾದ ಗೌರವವು ಬಹುವರ್ಷಗಳ ಬಳಿಕ ಸಂದಿತು.

ಹೀಗೆ ಅರುವತ್ತು ವರ್ಷಗಳು ತುಂಬಿದುವು. ಇಂತಹ ಸ್ಥಿತಿಯಲ್ಲಿ ಎಷ್ಟೋ ಕಲಾವಿದರು ತಮ್ಮ ಕಾಲವು ಕಳೆದುಹೋಯಿತೆಂದು ಕಹಿಯಾಗುವರು. ಇನ್ನು ಕೆಲವರು ಜನರ ಗಮನವನ್ನು ಸೆಳೆಯಲು ಅಭಿನಯವನ್ನು ಅತಿಯಾಗಿಸುವರು. ಕ್ರೆಮೇರನು ಎರಡನ್ನೂ ಮಾಡಲಿಲ್ಲ. ಆಗ ಆತನನ್ನು ಅರಸಿ ಬಂದುದು ದೂರದರ್ಶನದ ಒಂದು ಪಾತ್ರ, ಅದೇ ಮೇಗ್ರೆ.

ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ 1903ರಲ್ಲಿ ಜನಿಸಿದ ಝಾರ್ಜ್ ಸಿಮೆನೋನ್ ಎಂಬ ಲೇಖಕನು ಸೃಷ್ಟಿಸಿದ ಪ್ಯಾರಿಸ್ಸಿನ ಪೋಲೀಸ್ ಅಧಿಕಾರಿ ಈ ಮೇಗ್ರೆ. ಇವನನ್ನು ಕುರಿತು ಸಿಮೆನೋನನು 75 ಕಾದಂಬರಿಗಳನ್ನು ಬರೆದನು. ಇತರ ಪತ್ತೇದಾರರಂತೆ ಇವನು ಬೂದಿಯನ್ನೋ ಹೆಜ್ಜೆಗುರುತನ್ನೋ ನೋಡಿ ಚಮತ್ಕಾರವಾಗಿ ಅಪರಾಧಿಯನ್ನು ಹೆಸರಿಸುವವನಲ್ಲ. ಸತ್ತವನ ಮನೆಗೆ ಹೋಗುವನು. ಅಡಿಗೆಯ ಮನೆಯಲ್ಲಿ ಕುಳಿತುಕೊಳ್ಳುವನು. ನೆರೆಹೊರೆಯವರ ಮಾತನ್ನು ಕೇಳುವನು. ಪೈಪನ್ನು ಸೇದುತ್ತ ಕಾಯುವನು. ಮನುಷ್ಯನನ್ನು ಅರಿತುಕೊಳ್ಳುವುದು ತನ್ನ ಕೆಲಸ, ತೀರ್ಪು ಹೇಳುವುದು ನ್ಯಾಯಾಧೀಶನ ಕೆಲಸ ಎಂಬುದು ಇವನ ನಿಲುವು.

ಈ ಪಾತ್ರಕ್ಕೆ ಕ್ರೆಮೇರನು ಮೊದಲಿಗನಲ್ಲ. ಚಲಚ್ಚಿತ್ರದಲ್ಲಿ ಮಹಾನಟನಾದ ಝಾಂ ಗಾಬೇನನು ಮೂರು ಸಲ ಮೇಗ್ರೆಯಾಗಿದ್ದನು. ದೂರದರ್ಶನದಲ್ಲಿ ಝಾಂ ರಿಶಾರ್ ಎಂಬಾತನು 1967ರಿಂದ 1990ರವರೆಗೆ ಅದೇ ವೇಷವನ್ನು ಧರಿಸಿದ್ದನು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಒಂದೇ ಮುಖವನ್ನು ಕಂಡ ಜನರಿಗೆ ಇನ್ನೊಂದು ಮುಖವು ರುಚಿಸುವುದೇ ಎಂಬ ಸಂದೇಹವು ಸಹಜವಾದುದೇ. 1991ರಲ್ಲಿ ಕ್ರೆಮೇರನು ಆ ದಪ್ಪ ಮೇಲಂಗಿಯನ್ನೂ ಟೋಪಿಯನ್ನೂ ಧರಿಸಿದನು. 2005ರವರೆಗೆ, ಒಂದೊಂದೂ ಸುಮಾರು ಒಂದೂವರೆ ಗಂಟೆಯ 54 ಕಥೆಗಳು ಪ್ರಸಾರವಾದುವು. ಕಥೆಯು ನಡೆಯುವುದು ಎರಡನೆಯ ಮಹಾಯುದ್ಧವು ಮುಗಿದ ಈಚಿನ ಪ್ಯಾರಿಸ್ಸಿನಲ್ಲಿ. ಆ ಕಾಲದ ಬೀದಿಗಳ ರೂಪವು ಪ್ಯಾರಿಸ್ಸಿನಲ್ಲಿಯೇ ಅಳಿಸಿಹೋಗಿದ್ದುದರಿಂದ ಎಷ್ಟೋ ಭಾಗಗಳನ್ನು ಚೆಕ್ ದೇಶದ ಪ್ರಾಗ್ ನಗರದಲ್ಲಿ ಚಿತ್ರೀಕರಿಸಬೇಕಾಯಿತು.

ಈ ಚಿತ್ರಗಳಲ್ಲಿ ಕ್ರೆಮೇರನ ವೈಶಿಷ್ಟ್ಯವೇನೆಂದು ನೋಡಿದರೆ, ಆತನು ಮಾಡುವುದಕ್ಕಿಂತ ಮಾಡದೆ ಬಿಡುವುದೇ ಹೆಚ್ಚು. ತುಂಬಿದ ಮೈಕಟ್ಟಿನ ಮನುಷ್ಯನೊಬ್ಬನು ಕೋಣೆಯೊಳಕ್ಕೆ ಬರುವನು. ಕುರ್ಚಿಯ ಮೇಲೆ ಕೂರುವನು. ಒಂದು ಚಿಕ್ಕ ಪ್ರಶ್ನೆಯನ್ನು ಕೇಳಿ ಸುಮ್ಮನಾಗುವನು. ಎದುರಿಗಿರುವವನು ಸುಳ್ಳು ಹೇಳುವನು. ಮೇಗ್ರೆಯು ಅದನ್ನೂ ಸೌಜನ್ಯದಿಂದಲೇ ಕೇಳುವನು. ಮೌನವು ಬೆಳೆಯುತ್ತ ಹೋದಂತೆ ಸುಳ್ಳು ಹೇಳಿದವನಿಗೇ ಅದು ಭಾರವಾಗಿ, ಕೊನೆಗೆ ಸತ್ಯವು ಹೊರಬೀಳುವುದು. ಅಪರಾಧಿಯು ಬೆದರಿ ಒಪ್ಪಿಕೊಳ್ಳುವುದಿಲ್ಲ. ತನ್ನ ಮಾತನ್ನು ಕೇಳುವವನೊಬ್ಬನು ಸಿಕ್ಕಿದನೆಂಬ ನೆಮ್ಮದಿಯಿಂದ ಒಪ್ಪಿಕೊಳ್ಳುವನು. ಬೆಕೆಟನ ಸಂಯಮ, ವಿಲ್ಸ್‌ಡೋರ್ಫನ ದಣಿವು ಇವೆಲ್ಲವೂ ಆ ಒಂದು ಕುರ್ಚಿಯಲ್ಲಿ ಬಂದು ಕುಳಿತಿರುವುವು. ಮೂವತ್ತನೆಯ ವಯಸ್ಸಿನಲ್ಲಿ ಈ ಪಾತ್ರವು ಬಂದಿದ್ದರೆ ಆತನು ಅದನ್ನು ಹೀಗೆ ನಿರ್ವಹಿಸುತ್ತಿದ್ದನೆಂದು ತೋರುವುದಿಲ್ಲ.

ಒಂದೇ ಪಾತ್ರವು ನಟನಿಗೆ ಅನ್ನವನ್ನು ಕೊಡುವಂತೆ ಸೆರೆಯೂ ಆಗಬಲ್ಲುದು. ಕ್ರೆಮೇರನು ಅದರ ನಡುವೆಯೇ ಬೇರೆ ದಾರಿಯನ್ನೂ ಉಳಿಸಿಕೊಂಡನು. 2000ದಲ್ಲಿ ಫ್ರಾನ್ಸ್ವಾ ಓಝೋನ್ ಎಂಬ ತರುಣ ನಿರ್ದೇಶಕನ ‘ಮರಳಿನ ಕೆಳಗೆ’ ಎಂಬ ಚಿತ್ರದಲ್ಲಿ, ಷಾರ್ಲಟ್ ರ‍್ಯಾಂಪ್ಲಿಂಗಳ ಪತಿಯಾಗಿ ನಟಿಸಿದನು. ಕಥೆಯ ಮೊದಲಿನಲ್ಲಿಯೇ ಪತಿಯು ಸಮುದ್ರಸ್ನಾನಕ್ಕೆಂದು ಹೋದವನು ಹಿಂದಿರುಗುವುದಿಲ್ಲ. ಪತ್ನಿಯಾದರೋ ಆತನು ಮನೆಯಲ್ಲಿಯೇ ಇರುವನೆಂಬಂತೆ ಬದುಕುವಳು; ಆಕೆಯ ಕಣ್ಣಿಗೆ ಮಾತ್ರ ಆತನು ಆಗಾಗ ಕಾಣಿಸಿಕೊಳ್ಳುವನು. ಕೆಲವೇ ನಿಮಿಷಗಳಲ್ಲಿ ಆ ಸಂಸಾರದ ನಂಬಿಕೆಯನ್ನೂ, ಗಂಡಸಿನ ಎದೆಯೊಳಗಿನ ಹೇಳದ ದುಃಖವನ್ನೂ ತೋರಿಸಿ ಆತನು ಮರೆಯಾಗುವುದರಿಂದಲೇ, ಆಕೆಯ ಭ್ರಮೆಯು ನಮಗೆ ಹುಚ್ಚೆಂದು ತೋರದೆ ಪ್ರೀತಿಯೆಂದು ತೋರುವುದು.

ಕೊನೆಯ ಅಧ್ಯಾಯವು ವಿಷಾದಕರವಾದುದು. ಆತನಿಗೆ ಅರ್ಬುದರೋಗವು ತಗಲಿ ಮಾತನಾಡುವುದೇ ಕಷ್ಟವಾಯಿತು. 2005ರಲ್ಲಿ ಪ್ರಸಾರವಾದ ಕೊನೆಯ ಮೇಗ್ರೆ ಚಿತ್ರದಲ್ಲಿ ತೆರೆಯ ಮೇಲಿರುವ ದೇಹವು ಕ್ರೆಮೇರನದು; ಧ್ವನಿಯು ಇನ್ನೊಬ್ಬ ನಟನದು. ರಂಗಭೂಮಿಯಲ್ಲಿ ಪಳಗಿದ ನಟನಿಗೆ ಇದಕ್ಕಿಂತ ಹೆಚ್ಚಿನ ನಷ್ಟವುಂಟೆ? ಆದರೂ ಆ ಚಿತ್ರವನ್ನು ನೋಡುವಾಗ ಒಂದು ಸಂಗತಿಯು ಮನಸ್ಸಿಗೆ ಬರುವುದು. ಮಾತಿನ ಬಲದಿಂದಲೇ ಗೆದ್ದ ನಟನಾಗಿದ್ದರೆ ಆ ವೇಳೆಗೆ ಆತನಲ್ಲಿ ಏನೂ ಉಳಿಯುತ್ತಿರಲಿಲ್ಲ. ಕ್ರೆಮೇರನಲ್ಲಿ ನೋಟವು ಉಳಿದಿದ್ದಿತು. ಕೇಳುವ ಬಗೆಯು ಉಳಿದಿದ್ದಿತು. ಎರವಲು ಧ್ವನಿಯ ಹಿಂದೆಯೂ ಮೇಗ್ರೆಯು ಆತನೇ ಆಗಿದ್ದನು.

2010ನೆಯ ಇಸವಿ ಆಗಸ್ಟ್ 7ರಂದು, ಎಂಬತ್ತು ವರ್ಷಗಳ ಪ್ರಾಯದಲ್ಲಿ, ಬ್ರೂನೊ ಕ್ರೆಮೇರನು ಪ್ಯಾರಿಸ್ಸಿನಲ್ಲಿ ಮರಣಹೊಂದಿದನು. ಆ ನಗರದ ಮೊಂಪಾರ್ನಾಸ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ.

ಕೆಲವು ಮರಗಳು ನೆಟ್ಟ ಮೂರನೆಯ ವರ್ಷವೇ ಫಲಿಸುವುವು. ಕೆಲವು ನೆಟ್ಟವನ ತಲೆ ನರೆತಮೇಲೆ ಫಲಿಸುವುವು. ತಡವಾಯಿತೆಂದು ಎರಡನೆಯದನ್ನು ಕಡಿಯುವವನು ಹಣ್ಣಿನ ರುಚಿಯನ್ನು ಅರಿಯನು. ನಮ್ಮ ಮನೆಗಳಲ್ಲಿಯೂ ಮಾತನಾಡುವವರಿಗೆ ಕೊರತೆಯಿಲ್ಲ. ಮಕ್ಕಳ ಅಳಲನ್ನೂ ಮುದುಕರ ಗೊಣಗಾಟವನ್ನೂ ಕಡೆಯವರೆಗೆ ಕೇಳುವವರೇ ವಿರಳ. ಒಬ್ಬ ನಟನು ಸುಮ್ಮನೆ ಕುಳಿತು ಕೇಳುವುದನ್ನು ನೋಡುವುದಕ್ಕಾಗಿ ಒಂದು ದೇಶದ ಜನರು ಹದಿನಾಲ್ಕು ವರ್ಷಗಳ ಕಾಲ ಸಂಜೆಯ ಹೊತ್ತು ಕಾದಿದ್ದರೆಂದರೆ, ತಮ್ಮ ಮಾತನ್ನು ಕೇಳುವವರು ಬೇಕೆಂಬ ಹಂಬಲವು ಎಲ್ಲರಲ್ಲಿಯೂ ಎಷ್ಟು ಆಳವಾಗಿರುವುದೆಂಬುದು ಇದರಿಂದ ತಿಳಿಯುವುದು.