ಮನೆ ಪಕ್ಕದ ಗ್ಯಾರೇಜು: ಸದ್ದು, ಎಣ್ಣೆ, ಮಣ್ಣು

ವಸತಿ ಬಡಾವಣೆಯ ಗ್ಯಾರೇಜಿನಿಂದ ನೆರೆಮನೆಗಳಿಗೆ ಎರಡು ಬಗೆಯ ತೊಂದರೆ: ಕಿವಿಗೆ ಅಪ್ಪಳಿಸುವ ಸದ್ದು, ಕಣ್ಣಿಗೆ ಬೀಳದೆ ಮಣ್ಣಿಗಿಳಿಯುವ ಎಣ್ಣೆ.

ಡೆಂಟಿಂಗ್ ಸುತ್ತಿಗೆ, ಗ್ರೈಂಡರ್, ಏರ್ ಕಂಪ್ರೆಸರ್‌ಗಳು ಸದ್ದಿನ ಮುಖ್ಯ ಮೂಲಗಳು. ಭಾರತದ 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಅಳತೆ 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ 10 ಪಟ್ಟಾಗುತ್ತದೆ. ಆದ್ದರಿಂದ 65 ಎಂಬುದು ಮಿತಿಯನ್ನು ತುಸು ದಾಟಿದ್ದಲ್ಲ.

ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್‌ನಲ್ಲಿ ಸವೆದ ಲೋಹದ ಕಣಗಳೂ ವಿಷಕಾರಿ ಹೈಡ್ರೊಕಾರ್ಬನ್‌ಗಳೂ ಇರುತ್ತವೆ. ನೆಲಕ್ಕೆ ಚೆಲ್ಲಿದರೆ ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ಗಾಳಿ, ನೀರಿನ ಓಡಾಟವನ್ನು ತಡೆಯುತ್ತದೆ. ಜೇಡಿಮಣ್ಣಿನಲ್ಲಿ ನಿಧಾನವಾಗಿ, ಮರಳುಮಣ್ಣಿನಲ್ಲಿ ಬೇಗ ಕೆಳಗಿಳಿದು ಅಂತರ್ಜಲವನ್ನೂ ಕೆಡಿಸಬಲ್ಲದು. ಒಡೆದ ಬ್ಯಾಟರಿಯ ಸೀಸ ಕೊಳೆಯುವುದಿಲ್ಲ. ಮೇಲ್ಮಣ್ಣಿನಲ್ಲೇ ಉಳಿದು, ಧೂಳಿನೊಂದಿಗೆ ಆಟವಾಡುವ ಮಕ್ಕಳ ಕೈಯಿಂದ ಬಾಯಿಗೆ ಸೇರುತ್ತದೆ.

ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಕೂಡ ಬರುತ್ತದೆ. ಅದನ್ನು ಚರಂಡಿಗೆ ಸುರಿಯದೆ, ಮುಚ್ಚಿದ ಡ್ರಮ್ಮಿನಲ್ಲಿ ಕೂಡಿಟ್ಟು ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಕೊಡಬೇಕು. ಬಿರುಕಿಲ್ಲದ ಕಾಂಕ್ರೀಟ್ ನೆಲ, ಆಯಿಲ್ ಇಳಿಸುವಾಗ ಕೆಳಗೊಂದು ತಟ್ಟೆ, ಕಂಪ್ರೆಸರ್ ಸುತ್ತ ಗೋಡೆ ಇದ್ದರೆ ಹೆಚ್ಚಿನ ಹಾನಿ ತಪ್ಪುತ್ತದೆ. ಕರ್ನಾಟಕದಲ್ಲಿ ನೆರೆಯವರು ಸ್ಥಳೀಯ ಸಂಸ್ಥೆಗೆ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಬಹುದು.