ಪ್ರಮಾಣದ ಹೊಣೆ ಯಾರದು?

ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವ ಮಗನೋ ಮಗಳೋ ಪೂಜೆಯ ಹೊತ್ತಿನಲ್ಲಿ, 'ದೇವರಿದ್ದಾನೆಂಬುದಕ್ಕೆ ಪ್ರಮಾಣವೇನು?' ಎಂದು ಕೇಳಿದಾಗ, ಹಿರಿಯರಾದ ನಾವು ಸಾಮಾನ್ಯವಾಗಿ ಕೊಡುವ ಉತ್ತರವೊಂದೇ: 'ಇಲ್ಲವೆಂದು ನೀನೇ ತೋರಿಸು, ನೋಡೋಣ.' ಅಲ್ಲಿಗೆ ಮಾತು ನಿಲ್ಲುತ್ತದೆ; ಮಕ್ಕಳ ಮನಸ್ಸಿನಲ್ಲಿ ಪ್ರಶ್ನೆ ನಿಲ್ಲುವುದಿಲ್ಲ.

ಇಂಥ ಉತ್ತರದ ದೌರ್ಬಲ್ಯವನ್ನು ಬ್ರಿಟನ್ನಿನ ದಾರ್ಶನಿಕ ಬರ್ಟ್ರಂಡ್ ರಸೆಲ್ ಅವರು 1952ರಲ್ಲಿ ಬರೆದ ಲೇಖನವೊಂದರಲ್ಲಿ ತೋರಿಸಿಕೊಟ್ಟರು. ಭೂಮಿಗೂ ಮಂಗಳಗ್ರಹಕ್ಕೂ ನಡುವೆ ಪಿಂಗಾಣಿಯ ಚಹದ ಪಾತ್ರೆಯೊಂದು ಸೂರ್ಯನನ್ನು ಸುತ್ತುತ್ತಿದೆ, ಅದು ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು ಎಂದು ಒಬ್ಬನು ಹೇಳಿದರೆ, ಅದನ್ನು ಸುಳ್ಳೆಂದು ಸಾಧಿಸಲು ಯಾರಿಗೂ ಸಾಧ್ಯವಿಲ್ಲ. ಅಷ್ಟಕ್ಕೇ ಅದು ನಿಜವಾದೀತೇ? ಹೇಳಿದವನೇ ಪ್ರಮಾಣ ಒದಗಿಸಬೇಕು.

ಈ ನಿಯಮ ನಮಗೆ ಪರಕೀಯವಲ್ಲ. ಪ್ರತಿಜ್ಞೆ ಮಾಡಿದವನು ಹೇತುವನ್ನೂ ಹೇಳಬೇಕೆಂಬುದು ನಮ್ಮ ನ್ಯಾಯಶಾಸ್ತ್ರದ ಕ್ರಮ. ಆಚಾರ್ಯ ಉದಯನರು 'ನ್ಯಾಯಕುಸುಮಾಂಜಲಿ'ಯಲ್ಲಿ ಈಶ್ವರನ ಅಸ್ತಿತ್ವಕ್ಕೆ ಯುಕ್ತಿಗಳನ್ನು ಮಂಡಿಸಿದರು. ಆ ಯುಕ್ತಿಗಳನ್ನು ಎಲ್ಲರೂ ಒಪ್ಪಲಿಲ್ಲ, ನಿಜ. ಆದರೆ ಆ ಆಸ್ತಿಕರು ಹೊಣೆಯಿಂದ ನುಣುಚಿಕೊಳ್ಳಲಿಲ್ಲ.

ನಮ್ಮ ನಾಡಿನಲ್ಲಿಯೂ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಬರಿಗೈಯಲ್ಲಿ ವಿಭೂತಿ ಬಂದಿತೆಂಬುದು ಕಣ್ಣಿಗೆ ಕಾಣುವ ಲೋಕದ ಸಂಗತಿ. ಆದುದರಿಂದ ಅದು ಪರೀಕ್ಷೆಗೆ ಒಳಪಡಲೇಬೇಕು. ಹರಕೆಯಿಂದಲೇ ರೋಗ ವಾಸಿಯಾಗುತ್ತದೆಂದು ನಂಬಿ ಔಷಧಿಯನ್ನು ನಿಲ್ಲಿಸಿದರೆ, ಪರೀಕ್ಷಿಸದ ಆ ಮಾತಿಗೆ ಬೆಲೆ ತೆರುವವನು ಹಾಸಿಗೆಯಲ್ಲಿರುವ ರೋಗಿ.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತಾಗ ನಮಗೆ ದೊರೆಯುವ ಶಾಂತಿಯ ವಿಷಯ ಬೇರೆ. ಅದು ನಮ್ಮ ಅನುಭವ. ನಮ್ಮ ಮಟ್ಟಿಗೆ ಅದು ಸತ್ಯ. ಆದರೆ ಮತ್ತೊಬ್ಬರು ಒಪ್ಪಲೇಬೇಕಾದ ಪ್ರಮಾಣವಲ್ಲ. ಹಸಿದವನಿಗೆ ನಮ್ಮ ಊಟದ ವರ್ಣನೆಯಿಂದ ಹೊಟ್ಟೆ ತುಂಬೀತೇ? ಹಾಗೆಯೇ, ವಿಜ್ಞಾನದ ಉಪಕರಣಕ್ಕೆ ದೇವರು ಸಿಗಲಿಲ್ಲವೆಂಬ ಒಂದೇ ಕಾರಣದಿಂದ ದೇವರಿಲ್ಲವೆಂದು ಸಾರುವವರೂ ತಮ್ಮ ಮಾತಿನ ಹೊಣೆಯನ್ನು ಹೊರಬೇಕಾಗುತ್ತದೆ.

ಮುಂದೆ ಮಕ್ಕಳು ಕೇಳಿದಾಗ ನಾವು ಗದರದಿರೋಣ. 'ನೀನು ಕೇಳಿದ್ದು ನ್ಯಾಯವಾಗಿದೆ. ನಿನ್ನನ್ನು ಒಪ್ಪಿಸುವಂಥ ಪ್ರಮಾಣ ನನ್ನಲ್ಲಿಲ್ಲ. ನಾನೇಕೆ ನಂಬಿದ್ದೇನೆಂಬುದನ್ನು ಹೇಳುತ್ತೇನೆ, ಕುಳಿತುಕೋ' ಎನ್ನೋಣ. ಇದರಿಂದ ನಮ್ಮ ಭಕ್ತಿಗೆ ಕುಂದಿಲ್ಲ. ಮನೆಯಲ್ಲಿ ಪ್ರಾಮಾಣಿಕವಾದ ಉತ್ತರ ದೊರೆತ ಮಗು ನಾಳೆಯೂ ನಮ್ಮ ಬಳಿಗೇ ಬಂದು ಕೇಳುತ್ತದೆ.